ಎರಡು ಕಡ್ಡಿ ಸಿಗ್ನಲ್‌ನಲ್ಲಿ ಇಂಟರ್ನೆಟ್: ಹಳ್ಳಿಯಲ್ಲೇ ಕೂತು ಕೆಲಸ ಮುಗಿಸಲು ಸಮಗ್ರ ಮಾರ್ಗದರ್ಶಿ

ನಮ್ಮ ಅಕ್ಕನ ಮಗಳು ದಾವಣಗೆರೆಯಲ್ಲಿ ಓದುತ್ತಾಳೆ. ರಜೆಗೆ ಊರಿಗೆ ಬಂದಾಗ ಸ್ಕಾಲರ್‌ಶಿಪ್ ಅರ್ಜಿ ತುಂಬಲು ಕೂತೆವು. ಸಂಜೆ ಏಳೂವರೆ. ಹೆಸರು, ಪ್ರಮಾಣ ಪತ್ರದ ನಂಬರು, ಬ್ಯಾಂಕ್ ಖಾತೆ, ಹಿಂದಿನ ವರ್ಷಗಳ ಮಾರ್ಕ್ಸು, ಎಲ್ಲ ಹಾಕಿ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಕೊನೆಯ ಬಟನ್ ಒತ್ತಿದಳು. ಬಿಳಿ ಪರದೆ, ಮಧ್ಯದಲ್ಲಿ ಒಂದು ಚಕ್ರ. ಅದು ತಿರುಗಿ ತಿರುಗಿ ನಿಂತು, ಆಮೇಲೆ ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ ಅಂತ ಬಂತು. ತುಂಬಿದ್ದರಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. "ಮಾಮಾ, ನಾಳೆನೇ ಲಾಸ್ಟ್ ಡೇಟು" ಅಂದಳು, ಅಳು ಬಾಯಿಗೆ ಬಂದಿತ್ತು.

ಮಾರನೇ ದಿನ ಬೆಳಗಿನ ಐದೂವರೆಗೆ ಮಾಳಿಗೆ ಹತ್ತಿ ಅದೇ ಅರ್ಜಿ ಹನ್ನೆರಡು ನಿಮಿಷದಲ್ಲಿ ಮುಗಿಸಿದೆವು. ಅದೇ ಫೋನು, ಅದೇ ಸಿಮ್ಮು.

ನಮ್ಮೂರು ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆಗೆ, ಗುಡ್ಡದ ಮಗ್ಗುಲಲ್ಲಿ. ಗಾಳಿಯಂತ್ರಗಳು ಕಾಣುತ್ತವೆ, ಟವರ್ ಕಾಣುವುದಿಲ್ಲ. ಊರಲ್ಲಿ ಯಾರಿಗೆ ಪಹಣಿ ಬೇಕಾದರೂ, ರಿಸಲ್ಟ್ ನೋಡಬೇಕಾದರೂ ನನ್ನ ಹತ್ತಿರ ಬರುತ್ತಾರೆ. ಹಾಗೆ ಮಾಡಿ ಮಾಡಿ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಬಿಟ್ಟಾಗ ಹೇಗೆ ನಡೆದುಕೊಳ್ಳುತ್ತೇವೋ ನೆಟ್ಟಿನ ಜೊತೆಗೂ ಹಾಗೇ ಇರಬೇಕು: ಬಂದಾಗ ಹಿಡಿದಿಡಬೇಕು, ಬೇಡದ ನಲ್ಲಿ ಬಂದ್ ಮಾಡಬೇಕು, ಬೇಕಾದಷ್ಟೇ ತರಬೇಕು. ಉಳಿದದ್ದೆಲ್ಲ ಇದರ ವಿವರ.

ಮೊದಲು ಸ್ವಲ್ಪ ಲೆಕ್ಕ

ಲೆಕ್ಕ ಗೊತ್ತಿಲ್ಲದೆ ಸುಮ್ನೆ ಆ ಆಪ್ ಹಾಕಿ, ಈ ಆಪ್ ತೆಗೆದು ಮಾಡಿದರೆ ಏನೂ ಉಪಯೋಗವಿಲ್ಲ. ಕಂಪನಿಯವರು ವೇಗ ಹೇಳುವುದು ಬಿಟ್‌ನಲ್ಲಿ, ನಾವು ಫೈಲ್ ಎಷ್ಟು ದೊಡ್ಡದು ಅಂತ ನೋಡುವುದು ಬೈಟ್‌ನಲ್ಲಿ. 8 ಬಿಟ್‌ಗೆ 1 ಬೈಟ್. ಬಹಳಷ್ಟು ಪ್ಲಾನ್‌ಗಳಲ್ಲಿ ದಿನದ ಡೇಟಾ ಮುಗಿದ ಮೇಲೆ 64 ಕೆಬಿಪಿಎಸ್‌ಗೆ (ಸೆಕೆಂಡಿಗೆ 64 ಸಾವಿರ ಬಿಟ್) ಇಳಿಸುತ್ತಾರಲ್ಲ, ಅಂದರೆ ಒಂದು ಸೆಕೆಂಡಿಗೆ ಬರುವುದು 8 ಕೆಬಿ ಮಾತ್ರ. ಈಗಿನ ಸಾಮಾನ್ಯ ವೆಬ್ ಪುಟ 2 ಎಂಬಿಗಿಂತ ಜಾಸ್ತಿಯೇ ಇರುತ್ತದೆ. 2 ಎಂಬಿ ಅಂತಲೇ ಇಟ್ಟುಕೊಂಡರೂ ಅದು ಇಳಿಯಲು 250 ಸೆಕೆಂಡು, ನಾಲ್ಕು ನಿಮಿಷದ ಮೇಲೆ. ಅಷ್ಟರಲ್ಲಿ ಪುಟವೇ ಸಾಕಾಗಿ ಕೈಬಿಟ್ಟಿರುತ್ತದೆ.

ಈಗ ಇನ್ನೊಂದು ಲೆಕ್ಕ ನೋಡಿ. ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೆ 3 ಬೈಟ್ ಬೇಕು. 2,000 ಚಿಹ್ನೆಗಳ ಒಂದು ಒಳ್ಳೇ ಬರಹ ಅಂದರೆ 6 ಕೆಬಿ. ಅದೇ 64 ಕೆಬಿಪಿಎಸ್‌ನಲ್ಲಿ ಒಂದು ಸೆಕೆಂಡೂ ಬೇಡ! ಹಾಗಾದರೆ ಉಳಿದ ಎಂಬಿಗಟ್ಟಲೆ ಏನು? ಚಿತ್ರ, ಜಾಹೀರಾತು, ತಾನಾಗೇ ಓಡುವ ವಿಡಿಯೊ, ನಾವು ಏನು ನೋಡುತ್ತೇವೆ ಅಂತ ಹಿಂದೆ ಬೀಳುವ ಸ್ಕ್ರಿಪ್ಟುಗಳು, ಫಾಂಟು. ನಮಗೆ ಬೇಕಾದ ಅಕ್ಷರಗಳು ಈ ಸಾಮಾನಿನ ಮಧ್ಯೆ ಸಿಕ್ಕಿಹಾಕಿಕೊಂಡಿವೆ. ಅವನ್ನಷ್ಟೇ ಬಿಡಿಸಿ ತರುವುದು ನಮ್ಮ ಕೆಲಸ.

ಇನ್ನೊಂದು ವಿಷಯ ಜನ ಗಮನಿಸುವುದಿಲ್ಲ. ನಲ್ಲಿ ತಿರುವಿದ ಮೇಲೆ ನೀರು ಬರಲು ಹಿಡಿಯುವ ಹೊತ್ತು ಬೇರೆ, ಬಂದ ಮೇಲೆ ಕೊಡ ತುಂಬಲು ಹಿಡಿಯುವ ಹೊತ್ತು ಬೇರೆ. ಸ್ಪೀಡ್ ಟೆಸ್ಟ್‌ನಲ್ಲಿ ಪಿಂಗ್ ಅಂತ ತೋರಿಸುವುದು ಮೊದಲನೆಯದು. ಒಂದು ಪುಟ ತೆರೆಯಲು ಫೋನು ಹತ್ತಾರು ಸಲ ಹೋಗಿ ಬಂದು ಮಾಡುತ್ತದೆ, ಹಾಗಾಗಿ ಪಿಂಗ್ 600, 800 ಮಿಲಿಸೆಕೆಂಡ್ ಇದ್ದರೆ ವೇಗ ಒಂದು ಎಂಬಿಪಿಎಸ್ ತೋರಿಸಿದರೂ ಪುಟ ತೆವಳುತ್ತದೆ. ಪದೇ ಪದೇ ಸ್ಪೀಡ್ ಟೆಸ್ಟ್ ಮಾಡುತ್ತಾ ಕೂರಬೇಡಿ. ಆ ಟೆಸ್ಟೇ ಡೇಟಾ ತಿನ್ನುತ್ತದೆ.

ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕು ಅಂತ 2023ರಲ್ಲಿ ನಿಯಮ ಬದಲಾಯಿತು. ಅದಕ್ಕೆ ಮುಂಚೆ 512 ಕೆಬಿಪಿಎಸ್ ಸಾಕಿತ್ತು. ನಮ್ಮೂರಲ್ಲಿ ಸಂಜೆ ಹೊತ್ತು ಆ ಹಳೇ ಲೆಕ್ಕಕ್ಕೂ ಮುಟ್ಟುವುದಿಲ್ಲ. ಆದರೂ ಕೆಲಸ ನಡೆಯುತ್ತದೆ.

ಹೆಜ್ಜೆ 1: ಮನೆಯಲ್ಲಿ ಸಿಗ್ನಲ್ ಎಲ್ಲಿದೆ ಅಂತ ಹುಡುಕಿ

ಕಡ್ಡಿ ನೋಡಬೇಡಿ. ಕಡ್ಡಿ ಒಂದೊಂದು ಫೋನಿನಲ್ಲಿ ಒಂದೊಂದು ಥರ ತೋರಿಸುತ್ತದೆ. ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಅಂತ ಹೋದರೆ ಸಿಗ್ನಲ್ ಸ್ಟ್ರೆಂತ್ ಅಂತ ಒಂದು ಮೈನಸ್ ಅಂಕಿ ಸಿಗುತ್ತದೆ, ಡಿಬಿಎಂ ಅಂತ ಬರೆದಿರುತ್ತದೆ. ಕೆಲವು ಫೋನಿನಲ್ಲಿ ಜಾಗ ಸ್ವಲ್ಪ ಆಚೀಚೆ ಇರಬಹುದು. 4ಜಿಯಲ್ಲಿ ಅದು ಮೈನಸ್ 90ರ ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ, ಮೈನಸ್ 110 ದಾಟಿದರೆ ಕಷ್ಟ, ಮೈನಸ್ 120ರ ಹತ್ತಿರ ಹೋದರೆ ಇಲ್ಲ ಅಂತಲೇ ಲೆಕ್ಕ. ಈ ಅಂಕಿಯಲ್ಲಿ 10ರ ವ್ಯತ್ಯಾಸ ಅಂದರೆ ಸಿಗ್ನಲ್‌ನಲ್ಲಿ ಹತ್ತು ಪಟ್ಟು ವ್ಯತ್ಯಾಸ.

ಒಂದು ಹಾಳೆ ಪೆನ್ನು ಹಿಡಿದು ಮನೆಯಲ್ಲಾ ಓಡಾಡಿ. ಒಂದೊಂದು ಜಾಗದಲ್ಲಿ ಅರ್ಧ ನಿಮಿಷ ನಿಂತು ಅಂಕಿ ಬರೆದುಕೊಳ್ಳಿ. ನಮ್ಮ ನಡುಮನೆಯಲ್ಲಿ ಮೈನಸ್ 119. ಹಿಂದಿನ ಕೋಣೆಗೆ ತಗಡು ಹೊದಿಸಿದ್ದೇವೆ, ಅಲ್ಲಿ ನೋಡುವುದೇ ಬೇಡ. ಜಗಲಿಯಲ್ಲಿ 112. ಮಾಳಿಗೆ ಮೇಲೆ ಸಿಂಟೆಕ್ಸ್ ಟ್ಯಾಂಕಿನ ಪಕ್ಕ, ಮೂಡಣ ದಿಕ್ಕಿಗೆ, 103. ಗೋಡೆಗಿಂತ ತಗಡು ದೊಡ್ಡ ಶತ್ರು. ಕಬ್ಬಿಣದ ಬೀರು, ಕಬ್ಬಿಣದ ಬಾಗಿಲ ಪಕ್ಕವೂ ಹಾಗೇ.

ಹಾಗಂತ ಎಲ್ಲರೂ ಮಾಳಿಗೆ ಮೇಲೆ ಕೂರಬೇಕಿಲ್ಲ. ಫೋನನ್ನು ಮಾತ್ರ ಅಲ್ಲಿಗೆ ಕಳಿಸಿ. ನಾನು ಹಳೇ ಬಟ್ಟೆ ಚೀಲದಲ್ಲಿ ಫೋನು ಮತ್ತು ಪವರ್ ಬ್ಯಾಂಕ್ ಹಾಕಿ, ಮಾಳಿಗೆಯ ಬೆಳಕಿಂಡಿ ಪಕ್ಕದ ಮೊಳೆಗೆ ನೇತು ಹಾಕುತ್ತೇನೆ. ಹಾಟ್‌ಸ್ಪಾಟ್ ಆನ್ ಮಾಡಿ ಕೆಳಗೆ ನಡುಮನೆಯಲ್ಲಿ ಇನ್ನೊಂದು ಫೋನಿನಿಂದಲೋ ಲ್ಯಾಪ್‌ಟಾಪ್‌ನಿಂದಲೋ ಕೆಲಸ. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 2.4 ಗಿಗಾಹರ್ಟ್ಸ್ ಆರಿಸಿ, 5 ಬೇಡ. 2.4 ಗೋಡೆ ದಾಟಿ ಚೆನ್ನಾಗಿ ಬರುತ್ತದೆ. ಚೀಲ ನೆರಳಲ್ಲಿರಲಿ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಫೋನು ಕಾದು ತಾನಾಗೇ ನಿಧಾನವಾಗುತ್ತದೆ. ಸ್ಟೀಲ್ ಡಬ್ಬಿಯಲ್ಲಂತೂ ಇಡಲೇಬೇಡಿ.

ಅರ್ಜಿಗಳಿಗೆ ಇದು ತುಂಬಾ ಮುಖ್ಯ, ಯಾಕೆ ಅಂತ ಹೇಳುತ್ತೇನೆ. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ, ನಮ್ಮ ಫೋನು ಎಷ್ಟೇ ಜೋರಾಗಿ ಕೂಗಿದರೂ ಸಾಮಾನ್ಯವಾಗಿ 0.2 ವ್ಯಾಟ್. ಅವರು ಕೂಗಿದ್ದು ನಮಗೆ ಕೇಳುತ್ತದೆ, ನಾವು ಕೂಗಿದ್ದು ಅವರಿಗೆ ಕೇಳುವುದಿಲ್ಲ. ಅದಕ್ಕೇ ಸಿಗ್ನಲ್ ಕಮ್ಮಿ ಇದ್ದಾಗ ಪುಟ ಹೇಗೋ ತೆರೆದುಕೊಂಡು, ಫೋಟೊ ಅಪ್‌ಲೋಡ್ ಮಾತ್ರ ಹೋಗದೆ ಸತಾಯಿಸುವುದು.

ಇನ್ನು ಕೆಲವು ಸಣ್ಣ ಮಾತು. ಫೋನು 5ಜಿಗೂ 4ಜಿಗೂ ಜೀಕುತ್ತಿದ್ದರೆ ನೆಟ್‌ವರ್ಕ್ ಟೈಪ್‌ನಲ್ಲಿ 4ಜಿ ಅಂತ ಇಟ್ಟುಬಿಡಿ, ಫೋನು ಒಂದೇ ಕಡೆ ನಿಲ್ಲುತ್ತದೆ. ಸಿಗ್ನಲ್ ಇದ್ದೂ ನೆಟ್ ಬರದಿದ್ದರೆ ಏರ್‌ಪ್ಲೇನ್ ಮೋಡ್ ಹತ್ತು ಸೆಕೆಂಡ್ ಆನ್ ಮಾಡಿ ಆಫ್ ಮಾಡಿ. ಫೋನು ಹೊಸದಾಗಿ ಟವರ್ ಹುಡುಕಿಕೊಳ್ಳುತ್ತದೆ. ಪಕ್ಕದ ಮನೆಯವರ ಬೇರೆ ಕಂಪನಿ ಸಿಮ್ಮನ್ನು ಅದೇ ಮೊಳೆಯ ಹತ್ತಿರ ಹಿಡಿದು ಅಂಕಿ ನೋಡಿ, ಹತ್ತು ಹದಿನೈದು ವ್ಯತ್ಯಾಸ ಇದ್ದರೆ ಎರಡನೇ ಸಿಮ್ ಅದನ್ನೇ ತೆಗೆದುಕೊಳ್ಳುವುದು ಒಳ್ಳೆಯದು, ಇಲ್ಲವೇ ನಂಬರ್ ಬದಲಾಯಿಸದೆ ಪೋರ್ಟ್ ಆಗಬಹುದು. ಆನ್‌ಲೈನಲ್ಲಿ ಮಾರುವ ಸಿಗ್ನಲ್ ಬೂಸ್ಟರ್ ಮಾತ್ರ ತರಬೇಡಿ. ಅನುಮತಿ ಇಲ್ಲದೆ ಅದನ್ನು ಹಾಕಿಕೊಳ್ಳುವುದು ಕಾನೂನಿಗೆ ವಿರುದ್ಧ, ಮೇಲಾಗಿ ಸುತ್ತಲಿನವರ ಸಿಗ್ನಲ್ಲೂ ಕೆಡುತ್ತದೆ.

ಹೆಜ್ಜೆ 2: ಹೊತ್ತು ನೋಡಿ ಕೂರಿ

ಒಂದು ಟವರಿನ ಕೆಳಗಿರುವವರೆಲ್ಲ ಅದರ ನೆಟ್ ಹಂಚಿಕೊಳ್ಳಬೇಕು. ಸಂಜೆ ಏಳರಿಂದ ಹತ್ತರವರೆಗೆ ಊರಿಗೆ ಊರೇ ರೀಲ್ಸ್ ನೋಡುತ್ತಿರುತ್ತದೆ. ಆಗ ಅರ್ಜಿ ಹಾಕಲು ಕೂತರೆ ನಮ್ಮ ಅಕ್ಕನ ಮಗಳಿಗೆ ಆದದ್ದೇ ಆಗುವುದು. ರಾತ್ರಿ ಹನ್ನೊಂದರ ಮೇಲೆ, ಅಥವಾ ಬೆಳಗ್ಗೆ ಐದರಿಂದ ಏಳು, ಇದೇ ಒಳ್ಳೇ ಹೊತ್ತು. ಸರ್ಕಾರಿ ಪೋರ್ಟಲ್‌ಗಳ ಮೇಲೂ ಆಗ ಭಾರ ಕಮ್ಮಿ. ಕರೆಂಟ್ ಹೋಗಿ ತುಂಬಾ ಹೊತ್ತಾಗಿದ್ದರೆ ದೊಡ್ಡ ಕೆಲಸ ಶುರು ಮಾಡಬೇಡಿ, ಟವರಿನ ಬ್ಯಾಟರಿ ಯಾವಾಗ ಕೈಕೊಡುತ್ತದೋ ಹೇಳಲಾಗದು.

ಹೆಜ್ಜೆ 3: ಸೋರುವ ನಲ್ಲಿಗಳನ್ನು ಬಂದ್ ಮಾಡಿ

ಇದನ್ನು ಇವತ್ತೇ ಮಾಡಿ. ಹದಿನೈದು ನಿಮಿಷದ ಕೆಲಸ.

ಮೊದಲು ವಾಟ್ಸ್‌ಆಪ್. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಆಂಡ್ ಡೇಟಾ ತೆರೆಯಿರಿ. ಮೀಡಿಯಾ ಆಟೊ ಡೌನ್‌ಲೋಡ್ ಕೆಳಗೆ ಮೊಬೈಲ್ ಡೇಟಾ, ವೈಫೈ, ರೋಮಿಂಗ್ ಮೂರರಲ್ಲೂ ಎಲ್ಲ ಟಿಕ್ ತೆಗೆಯಿರಿ. ವೈಫೈನಲ್ಲೂ ಯಾಕೆ? ಹಾಟ್‌ಸ್ಪಾಟ್ ಅಂದರೂ ಎರಡನೇ ಫೋನಿಗೆ ಅದು ವೈಫೈಯೇ ತಾನೇ. ಅದೇ ಪುಟದಲ್ಲಿ ಯೂಸ್ ಲೆಸ್ ಡೇಟಾ ಫಾರ್ ಕಾಲ್ಸ್ ಆನ್ ಮಾಡಿ. ಇನ್ನು ಮೇಲೆ ಗುಂಪುಗಳ ಶುಭೋದಯದ ಚಿತ್ರ, ವಿಡಿಯೊ ಎಲ್ಲ ಮಸುಕಾಗಿ ನಿಲ್ಲುತ್ತವೆ, ಬೇಕಾದ್ದನ್ನು ಮಾತ್ರ ಮುಟ್ಟಿ ಇಳಿಸಿಕೊಳ್ಳಿ.

ಆಮೇಲೆ ಪ್ಲೇ ಸ್ಟೋರ್. ಮೇಲಿನ ಮೂಲೆಯಲ್ಲಿ ನಿಮ್ಮ ಚಿತ್ರ ಮುಟ್ಟಿ, ಸೆಟ್ಟಿಂಗ್ಸ್, ನೆಟ್‌ವರ್ಕ್ ಪ್ರಿಫರೆನ್ಸಸ್, ಅಲ್ಲಿ ಆಟೊ ಅಪ್‌ಡೇಟ್ ಬೇಡ ಅನ್ನಿ. ಪೇಟೆಗೆ ಹೋದಾಗ ಒಳ್ಳೇ ವೈಫೈ ಸಿಕ್ಕರೆ ನೀವೇ ಕೈಯಾರೆ ಅಪ್‌ಡೇಟ್ ಮಾಡಿ. ಬ್ಯಾಂಕ್ ಆಪ್‌ಗಳನ್ನು ಮಾತ್ರ ತಿಂಗಳಿಗೊಮ್ಮೆ ತಪ್ಪದೇ ಮಾಡಿ, ಅದರಲ್ಲಿ ಸುರಕ್ಷತೆಯ ಪ್ರಶ್ನೆ ಇದೆ. ಗೂಗಲ್ ಫೋಟೋಸ್‌ನ ಬ್ಯಾಕಪ್ ಮೊಬೈಲ್ ಡೇಟಾದಲ್ಲಿ ಆಗದ ಹಾಗೆ ನೋಡಿಕೊಳ್ಳಿ. ಮದುವೆಗೆ ಹೋಗಿ ಬಂದ ಮೇಲೆ ನೆಟ್ ಸತ್ತುಹೋಗುವುದು ಎಷ್ಟೋ ಸಲ ಇದರಿಂದಲೇ, ನೂರು ಫೋಟೊ ಒಳಗೊಳಗೇ ಮೇಲೆ ಹೋಗುತ್ತಿರುತ್ತವೆ.

ಕೊನೆಗೆ ಆಂಡ್ರಾಯ್ಡ್‌ನ ಡೇಟಾ ಸೇವರ್. ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಆನ್ ಮಾಡಿದರೆ ಪರದೆ ಮೇಲಿಲ್ಲದ ಆಪ್‌ಗಳಿಗೆ ಹಿಂದಿನಿಂದ ಡೇಟಾ ಸಿಗುವುದಿಲ್ಲ. ಮನೆಯವರ ಮೆಸೇಜ್ ತಕ್ಷಣ ಬರಬೇಕಾದರೆ ವಾಟ್ಸ್‌ಆಪ್ ಒಂದಕ್ಕೆ ವಿನಾಯಿತಿ ಕೊಡಿ.

ಲ್ಯಾಪ್‌ಟಾಪ್ ಇರುವವರು ಕೇಳಿ. ನಿಮ್ಮ ಫೋನಿನ ಹಾಟ್‌ಸ್ಪಾಟನ್ನು ವಿಂಡೋಸ್ ದೊಡ್ಡ ವೈಫೈ ಅಂತಲೇ ತಿಳಿದು ನೂರಾರು ಎಂಬಿ ಅಪ್‌ಡೇಟ್ ಇಳಿಸಲು ಶುರು ಮಾಡಬಹುದು. ಆ ವೈಫೈ ಹೆಸರಿನ ಪ್ರಾಪರ್ಟೀಸ್‌ಗೆ ಹೋಗಿ ಮೀಟರ್ಡ್ ಕನೆಕ್ಷನ್, ಅಂದರೆ ಇಲ್ಲಿ ಡೇಟಾ ಲೆಕ್ಕದ್ದು ಅಂತ ಹೇಳುವ ಆಯ್ಕೆ, ಆನ್ ಮಾಡಿ. ಈ ಒಂದು ಸ್ವಿಚ್ ಗೊತ್ತಿಲ್ಲದೆ ನಾನು ಎಷ್ಟು ದಿನ ಒದ್ದಾಡಿದ್ದೇನೆ ಅಂತ ನೆನಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ಹೆಜ್ಜೆ 4: ಬ್ರೌಸರ್ ಸರಿಮಾಡಿಕೊಳ್ಳಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿದ್ದು ಇದೇ. ಫೋನಿಗೆ ಫೈರ್‌ಫಾಕ್ಸ್ ಹಾಕಿ. ಅದರ ಮೆನುವಿನಲ್ಲಿ ಎಕ್ಸ್‌ಟೆನ್ಶನ್ಸ್ ಅಂತ ಇದೆ, ಅಲ್ಲಿಂದ ಯುಬ್ಲಾಕ್ ಆರಿಜಿನ್ ಸೇರಿಸಿ. ಫೋನಿನ ಕ್ರೋಮ್‌ನಲ್ಲಿ ಇದು ಆಗುವುದಿಲ್ಲ. ಜಾಹೀರಾತು, ಹಿಂದೆ ಬೀಳುವ ಸ್ಕ್ರಿಪ್ಟು ಬಹುಪಾಲು ಇಳಿಯುವುದೇ ಇಲ್ಲ. ಯುಬ್ಲಾಕ್‌ನ ಸೆಟ್ಟಿಂಗ್ಸ್‌ನಲ್ಲಿ ಇನ್ನೆರಡು ರತ್ನದಂಥ ಆಯ್ಕೆಗಳಿವೆ. ಒಂದು, ಇಷ್ಟು ಕೆಬಿಗಿಂತ ದೊಡ್ಡ ಚಿತ್ರ, ವಿಡಿಯೊ ಬೇಡ ಅನ್ನುವುದು. 50 ಕೆಬಿ ಅಂತ ಅದೇ ಇಟ್ಟಿರುತ್ತದೆ, ಆನ್ ಮಾಡಿದರೆ ಸಾಕು. ಸಣ್ಣ ಚಿತ್ರ ಬರುತ್ತವೆ, ದೊಡ್ಡವು ನಿಲ್ಲುತ್ತವೆ, ನೋಡಲೇಬೇಕಾದರೆ ಮುಟ್ಟಿದಾಗ ಬರುತ್ತದೆ. ಇನ್ನೊಂದು, ರಿಮೋಟ್ ಫಾಂಟ್ಸ್ ಬೇಡ ಅನ್ನುವುದು. ಕನ್ನಡ ಫಾಂಟು ಫೋನಿನಲ್ಲೇ ಇರುವಾಗ ಪ್ರತಿ ಸೈಟಿನಿಂದ ಮತ್ತೆ ಇಳಿಸುವುದು ಯಾಕೆ? ಅಲ್ವಾ?

ಕ್ರೋಮೇ ಬೇಕು ಅನ್ನುವವರು ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ಜಾವಾಸ್ಕ್ರಿಪ್ಟ್ ಅಂತ ಹೋಗಿ ಓದುವ ಸೈಟುಗಳಿಗೆ ಮಾತ್ರ ಅದನ್ನು, ಅಂದರೆ ಪುಟದೊಳಗೆ ಓಡುವ ಸ್ಕ್ರಿಪ್ಟುಗಳನ್ನು, ನಿಲ್ಲಿಸಿ ನೋಡಿ. ಸುದ್ದಿ ಪುಟಗಳು ಎಷ್ಟೋ ಸಲ ಹಾಗೇ ಓದಲು ಸಿಗುತ್ತವೆ. ಅರ್ಜಿ, ಬ್ಯಾಂಕು, ಲಾಗಿನ್ ಇರುವ ಕಡೆ ನಿಲ್ಲಿಸಬೇಡಿ, ಕೆಲಸ ಮಾಡುವುದಿಲ್ಲ.

ತುಂಬಾ ನಿಧಾನ ಇದ್ದಾಗ ಒಪೇರಾ ಮಿನಿ. ಇದರ ಉಳಿತಾಯದ ಮೋಡ್‌ನಲ್ಲಿ ನಾವು ಕೇಳಿದ ಪುಟ ಮೊದಲು ಅವರ ಸರ್ವರ್‌ಗೆ ಹೋಗಿ, ಅಲ್ಲಿ ಹಿಂಡಿ ಸಣ್ಣದಾಗಿ ನಮಗೆ ಬರುತ್ತದೆ. ಕೀಪ್ಯಾಡ್ ನೋಕಿಯಾ ಕಾಲದಲ್ಲಿ ಇದರಲ್ಲಿ ಕನ್ನಡ ಬರೀ ಚೌಕ ಚೌಕ ಕಾಣುತ್ತಿತ್ತು. ಕಾನ್ಫಿಗ್ ಪುಟ ತೆರೆದು ಬಿಟ್‌ಮ್ಯಾಪ್ ಫಾಂಟ್ಸ್ ಅನ್ನುವುದಕ್ಕೆ ಯೆಸ್ ಕೊಟ್ಟಾಗ ಮೊದಲ ಸಲ ಅಷ್ಟು ಸಣ್ಣ ಪರದೆಯಲ್ಲಿ ಕನ್ನಡ ಓದಿದ ಖುಷಿ ನನಗೆ ಇನ್ನೂ ನೆನಪಿದೆ. ಈಗ ಆ ತೊಂದರೆ ಇಲ್ಲ. ಒಂದೇ ಎಚ್ಚರಿಕೆ: ಮಧ್ಯದಲ್ಲಿ ಇನ್ನೊಬ್ಬರ ಸರ್ವರ್ ಇರುವುದರಿಂದ ಆ ಮೋಡ್‌ನಲ್ಲಿ ಬ್ಯಾಂಕು, ಆಧಾರ್ ಕೆಲಸ ಬೇಡ.

ಹಳೇ ವಿಡಿಯೊಗಳಲ್ಲಿ ಈಗಲೂ ಕ್ರೋಮ್ ಲೈಟ್ ಮೋಡ್ ಆನ್ ಮಾಡಿ, ಯೂಟ್ಯೂಬ್ ಗೋ ಹಾಕಿಕೊಳ್ಳಿ ಅಂತ ಹೇಳುತ್ತಾರೆ. ಎರಡೂ 2022ರಲ್ಲೇ ನಿಂತುಹೋದವು. ಜಿಮೇಲ್‌ನ ಹಗುರ ಪುಟವೂ 2024ರಲ್ಲಿ ಹೋಯಿತು. ನಮ್ಮಂಥವರಿಗೆ ಬೇಕಾಗಿದ್ದ ವಸ್ತುಗಳನ್ನೇ ಒಂದೊಂದಾಗಿ ತೆಗೆಯುತ್ತಿದ್ದಾರೆ ಅಂತ ನನಗೆ ನಿಜವಾಗಿ ಸಂಕಟವಾಗುತ್ತದೆ. ಮೇಲ್‌ಗೆ ಬದಲಿ ಇದೆ: ಥಂಡರ್‌ಬರ್ಡ್ ಥರದ ಮೇಲ್ ಆಪ್ ಹಾಕಿ, ಇಷ್ಟು ಕೆಬಿವರೆಗಿನ ಮೇಲ್ ಮಾತ್ರ ಇಳಿಸು ಅಂತ ಮಿತಿ ಇಡಿ. ಅಟ್ಯಾಚ್‌ಮೆಂಟ್ ಕೇಳಿದಾಗಷ್ಟೇ ಬರುತ್ತದೆ, ಒಮ್ಮೆ ಇಳಿದದ್ದನ್ನು ನೆಟ್ ಇಲ್ಲದೆಯೂ ಓದಬಹುದು.

ಹೆಜ್ಜೆ 5: ಅರ್ಜಿ ತುಂಬುವ ಕ್ರಮ

ಇಲ್ಲಿ ನಿಧಾನವಾಗಿ ಓದಿ. ಒಂದು ಮಗುವಿನ ವರ್ಷದ ಫೀಸು, ಒಬ್ಬ ರೈತರ ಪರಿಹಾರದ ಹಣ ಈ ಕೆಲಸದ ಮೇಲೆ ನಿಂತಿರುತ್ತದೆ.

ಹಿಂದಿನ ರಾತ್ರಿಯೇ ಪುಟವನ್ನು ಒಮ್ಮೆ ತೆರೆದು ಏನೇನು ಕೇಳುತ್ತದೆ ಅಂತ ನೋಡಿ. ಲಾಗಿನ್ ಪಾಸ್‌ವರ್ಡ್ ಸರಿ ಇದೆಯಾ ಅಂತ ಆಗಲೇ ಪರೀಕ್ಷೆ ಮಾಡಿ. ಎಲ್ಲ ಉತ್ತರಗಳನ್ನೂ ಫೋನಿನ ನೋಟ್ಸ್‌ನಲ್ಲಿ ಬರೆದಿಡಿ, ಖಾತೆ ನಂಬರು, ಐಎಫ್‌ಎಸ್‌ಸಿ, ವಿಳಾಸ, ಎಲ್ಲ. ಬೆಳಗ್ಗೆ ಅಲ್ಲಿಂದ ಕಾಪಿ ಮಾಡಿ ಅಂಟಿಸುವುದಷ್ಟೇ. ಟೈಪ್ ಮಾಡುತ್ತಾ ಯೋಚನೆ ಮಾಡುತ್ತಾ ಕೂತರೆ ಸೆಷನ್ ಮುಗಿಯುವುದು ಅಲ್ಲೇ. ನಾವು ಮುಕ್ಕಾಲು ಗಂಟೆ ತೆಗೆದುಕೊಂಡಿದ್ದೂ, ಮರುದಿನ ಹನ್ನೆರಡು ನಿಮಿಷಕ್ಕೆ ಮುಗಿಸಿದ್ದೂ ಇದೇ ವ್ಯತ್ಯಾಸಕ್ಕೆ.

ದಾಖಲೆಗಳ ಫೋಟೊ. ಫೋನಿನಲ್ಲಿ ಹಾಗೇ ತೆಗೆದ ಫೋಟೊ ಸುಲಭವಾಗಿ 4 ಎಂಬಿ ಇರುತ್ತದೆ. 64 ಕೆಬಿಪಿಎಸ್‌ನಲ್ಲಿ ಅದು ಮೇಲೆ ಹೋಗಲು ಎಂಟು ನಿಮಿಷ ದಾಟುತ್ತದೆ. ಅದನ್ನೇ 150 ಕೆಬಿಗೆ ಇಳಿಸಿದರೆ ಇಪ್ಪತ್ತು ಸೆಕೆಂಡೂ ಬೇಡ. ಹೇಗೆ ಅಂದರೆ, ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಪಿಕ್ಚರ್ ಸೈಜ್ ಅತಿ ಕಡಿಮೆಯದಕ್ಕೆ ಇಟ್ಟು, ಹಗಲು ಬೆಳಕಿನಲ್ಲಿ ಜಗಲಿ ಮೇಲೆ ಕಾಗದ ಹಾಸಿ ನೇರವಾಗಿ ಮೇಲಿಂದ ತೆಗೆಯಿರಿ, ಆಮೇಲೆ ಅಂಚು ಕತ್ತರಿಸಿ. ಜಮಖಾನೆ, ಕಾಲು, ನೆಲ ಏನೂ ಬರಬಾರದು, ಅದಕ್ಕೂ ಕೆಬಿ ಹೋಗುತ್ತದೆ. ಪಿಡಿಎಫ್ ಬೇಕಾದರೆ ಸ್ಕ್ಯಾನ್ ಆಪ್‌ನಲ್ಲಿ ಕಪ್ಪುಬಿಳುಪು ಆರಿಸಿ. ಫೋನಿನಲ್ಲೇ ಸಣ್ಣದು ಮಾಡುವ ಆಪ್ ಒಂದನ್ನು ಮೊದಲೇ ಹಾಕಿಟ್ಟುಕೊಳ್ಳಿ. ಪಿಡಿಎಫ್ ಸಣ್ಣದು ಮಾಡಿಕೊಡುತ್ತೇವೆ ಅನ್ನುವ ವೆಬ್‌ಸೈಟುಗಳಿಗೆ ಹೋಗಬೇಡಿ. ಮೊದಲು ದೊಡ್ಡ ಫೈಲೇ ಮೇಲೆ ಹೋಗಬೇಕು, ಅಲ್ಲಿಗೆ ಉಳಿತಾಯ ಏನು ಬಂತು? ಜೊತೆಗೆ ನಿಮ್ಮ ಆಧಾರ್ ಗುರುತಿಲ್ಲದವರ ಕೈಗೆ ಹೋಯಿತು.

ಶುರು ಮಾಡುವ ಮುಂಚೆ ಬೇರೆ ಎಲ್ಲ ಟ್ಯಾಬ್, ಆಪ್ ಮುಚ್ಚಿ, ಮನೆಯ ಉಳಿದ ಫೋನುಗಳನ್ನು ಹಾಟ್‌ಸ್ಪಾಟ್‌ನಿಂದ ತೆಗೆಯಿರಿ. ಒಟಿಪಿ ಬರುವ ಸಿಮ್ ಇರುವ ಫೋನು ಸಿಗ್ನಲ್ ಇರುವ ಜಾಗದಲ್ಲೇ ಇರಲಿ. ಅಜ್ಜನ ಫೋನು ಹೊಲದಲ್ಲಿ, ಅರ್ಜಿ ಮನೆಯಲ್ಲಿ ಆದರೆ ಒಟಿಪಿ ಕೇಳಿ ಹೇಳುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಸೇವ್ ಅಥವಾ ಡ್ರಾಫ್ಟ್ ಬಟನ್ ಇದ್ದರೆ ಪ್ರತಿ ಪುಟಕ್ಕೂ ಒತ್ತಿ. ಚಕ್ರ ತಿರುಗುವಾಗ ಬ್ಯಾಕ್ ಒತ್ತಬೇಡಿ, ರಿಫ್ರೆಶ್ ಮಾಡಬೇಡಿ, ಎರಡೆರಡು ಸಲ ಸಲ್ಲಿಸಬೇಡಿ. ಎರಡು ಮೂರು ನಿಮಿಷ ಕೈಕಟ್ಟಿ ಕೂರಿ. ಅರ್ಜಿ ಸಂಖ್ಯೆ ಬಂದ ತಕ್ಷಣ ಸ್ಕ್ರೀನ್‌ಶಾಟ್. ಪಿಡಿಎಫ್ ಆಮೇಲೆ ಇಳಿಸಿದರಾಯಿತು.

ಏನೇ ಮಾಡಿದರೂ ಆಗದಿದ್ದರೆ ಗ್ರಾಮ ಒನ್ ಕೇಂದ್ರಕ್ಕೆ ಹೋಗುವುದರಲ್ಲಿ ಸೋಲೇನೂ ಇಲ್ಲ. ಅದು ಮೊದಲು ಪ್ರಯೋಗವಾಗಿ ಶುರುವಾಗಿದ್ದೇ ನಮ್ಮ ಪಕ್ಕದ ದಾವಣಗೆರೆ ಜಿಲ್ಲೆಯಲ್ಲಿ, 2020ರಲ್ಲಿ. ಸಣ್ಣದು ಮಾಡಿದ ಫೈಲುಗಳು, ನೋಟ್ಸು ಜೊತೆಗೆ ಒಯ್ದರೆ ಅಲ್ಲೂ ಬೇಗ ಆಗುತ್ತದೆ. ಗ್ರಾಮ ಪಂಚಾಯಿತಿಯ ಲೈಬ್ರರಿ, ಅಂದರೆ ಅರಿವು ಕೇಂದ್ರದಲ್ಲಿ ಕಂಪ್ಯೂಟರ್, ನೆಟ್ ಇದೆಯಾ ಅಂತಲೂ ವಿಚಾರಿಸಿ.

ಹೆಜ್ಜೆ 6: ದುಡ್ಡು ಕಳಿಸುವಾಗ

ಯುಪಿಐ ಅರ್ಧಕ್ಕೆ ನಿಂತರೆ ತಕ್ಷಣ ಎರಡನೇ ಸಲ ಕಳಿಸಬೇಡಿ. ಮೊದಲು ಖಾತೆಯಿಂದ ಹೋಗಿದೆಯಾ ಅಂತ ಬ್ಯಾಂಕಿನ ಎಸ್‌ಎಂಎಸ್ ನೋಡಿ. ಹೋಗಿ, ಆ ಕಡೆಯವರಿಗೆ ಮುಟ್ಟದಿದ್ದರೆ ವಾಪಸ್ ಬರಬೇಕು ಅಂತ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಇದೆ: ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟಿದ್ದಾದರೆ ಐದು ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ಗೊತ್ತಿದ್ದರೆ ಗಾಬರಿ ಆಗುವುದಿಲ್ಲ.

ಸಣ್ಣ ಮೊತ್ತಕ್ಕೆ ಯುಪಿಐ ಲೈಟ್, ಅಂದರೆ ಆಪ್‌ನಲ್ಲೇ ಸ್ವಲ್ಪ ದುಡ್ಡು ಮೊದಲೇ ಹಾಕಿಟ್ಟುಕೊಳ್ಳುವುದು, ಒಳ್ಳೆಯದು. ಪ್ರತಿ ಸಲ ಪಿನ್ ಬೇಡ, ಬ್ಯಾಂಕಿನ ಸರ್ವರ್‌ಗೆ ಕಾಯಬೇಕಿಲ್ಲ. ನೆಟ್ಟೇ ಇಲ್ಲದಾಗ *99# ಡಯಲ್ ಮಾಡಿ. ಬ್ಯಾಲೆನ್ಸ್ ನೋಡಬಹುದು, ಒಂದು ಸಲಕ್ಕೆ 5,000 ರೂಪಾಯಿವರೆಗೆ ಕಳಿಸಬಹುದು, ಕನ್ನಡದ ಮೆನುವೂ ಇದೆ. ಎಲ್ಲ ಸಿಮ್‌ಗಳಲ್ಲೂ ಕೆಲಸ ಮಾಡುವುದಿಲ್ಲ, ಹಾಗಾಗಿ ಸಂತೆಗೆ ಹೋಗಿ ನಿಂತು ಕಲಿಯಬೇಡಿ, ಮನೆಯಲ್ಲೇ ಒಮ್ಮೆ ಮಾಡಿ ನೋಡಿ. ಕೀಪ್ಯಾಡ್ ಫೋನಿನವರಿಗೆ 2022ರಿಂದ ಯುಪಿಐ 123ಪೇ ಇದೆ.

ಹೆಜ್ಜೆ 7: ಬಂದಾಗ ಹಿಡಿದಿಡಿ

ಪೇಟೆಗೆ ಹೋದ ದಿನ ಬರೀ ಸಾಮಾನು ತಂದರೆ ಸಾಲದು, ನೆಟ್ಟೂ ತುಂಬಿಕೊಂಡು ಬರಬೇಕು. ನನ್ನ ಪಟ್ಟಿ ಹೀಗಿದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಚಿತ್ರದುರ್ಗ, ದಾವಣಗೆರೆ ಸುತ್ತಿನ ಆಫ್‌ಲೈನ್ ನಕ್ಷೆ. ಗೂಗಲ್ ಟ್ರಾನ್ಸ್‌ಲೇಟ್‌ನ ಕನ್ನಡ ಪ್ಯಾಕ್. ಮಕ್ಕಳ ಪಾಠದ ವಿಡಿಯೊಗಳು, ಯೂಟ್ಯೂಬ್‌ನ ಡೌನ್‌ಲೋಡ್ ಬಟನ್‌ನಿಂದ. ಆಧಾರ್, ಮಾರ್ಕ್ಸ್‌ಕಾರ್ಡ್, ಪಹಣಿಯ ಪಿಡಿಎಫ್‌ಗಳು, ಬರೀ ಡಿಜಿಲಾಕರ್‌ನಲ್ಲಿ ಇದ್ದರೆ ಸಾಲದು, ಫೋನಿನೊಳಗೆ ಇಳಿಸಿಟ್ಟಿರಬೇಕು.

ಇದೆಲ್ಲಕ್ಕಿಂತ ನನಗೆ ಪ್ರೀತಿ ಕಿವಿಕ್ಸ್ ಅನ್ನುವ ಆಪ್ ಮೇಲೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಇಡೀ ಒಂದೇ ಫೈಲಾಗಿ ಇಳಿಸಿಕೊಂಡು, ಆಮೇಲೆ ನೆಟ್ ಇಲ್ಲದೆ ಓದಬಹುದು, ಹುಡುಕಬಹುದು. ಚಿತ್ರವಿಲ್ಲದ ಆವೃತ್ತಿ ಇನ್ನೂ ಹಗುರ. ಹೋದ ಬೇಸಿಗೆಯಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲದ ಒಂದು ರಾತ್ರಿ ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗ ಬಂದು, "ಅಣ್ಣಾ, ಗ್ರಹಣದ ಬಗ್ಗೆ ಬರ್ಕೊಂಡು ಹೋಗ್ಬೇಕು" ಅಂದ. ಜಗಲಿ ಮೇಲೆ ಕೂತು ಕಿವಿಕ್ಸ್ ತೆರೆದುಕೊಟ್ಟೆ. ಫೋನಿನ ಬೆಳಕಿನಲ್ಲೇ ಒಂದೂವರೆ ಪುಟ ಬರೆದುಕೊಂಡು ಹೋದ.

ದೊಡ್ಡ ಫೈಲುಗಳಿಗೆ ಪೆನ್‌ಡ್ರೈವ್ ಮತ್ತು ಬಸ್ಸು. ಲೆಕ್ಕ ಹಾಕಿ ನೋಡಿ: 32 ಜಿಬಿ ಇಳಿಯಲು 1 ಎಂಬಿಪಿಎಸ್‌ನಲ್ಲಿ ಸುಮಾರು ಮೂರು ದಿನ ಬಿಡದೆ ನಡೆಯಬೇಕು. 64 ಕೆಬಿಪಿಎಸ್‌ನಲ್ಲಿ 46 ದಿನ. ದಾವಣಗೆರೆಯಿಂದ ಜೇಬಿನಲ್ಲಿ ಹಾಕಿಕೊಂಡು ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತದೆ. ಮನೆಯಲ್ಲೇ ಇಳಿಸಬೇಕಾದರೆ ಕಂಪ್ಯೂಟರಿನಲ್ಲಿ ನಿಂತಲ್ಲಿಂದ ಮುಂದುವರಿಸುವ ಡೌನ್‌ಲೋಡ್ ಮ್ಯಾನೇಜರ್ ಹಾಕಿ, ರಾತ್ರಿ ಹಚ್ಚಿ ಮಲಗಿ.

ವಿಡಿಯೊ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಸೇವರ್, ಪಾಠ ಕೇಳಲು ವಿಡಿಯೊ ಗುಣಮಟ್ಟ 144ಪಿ ಸಾಕು. ಬೋರ್ಡಿನ ಅಕ್ಷರ ಕಾಣಬೇಕಾದರೆ 240, 360.

ಕಳಿಸುವವರಿಗೆ ಒಂದು ಮಾತು

ಇಷ್ಟೆಲ್ಲ ನಾವು ಮಾಡಿಕೊಂಡರೂ ಆ ಕಡೆಯವರು ಮನಸ್ಸು ಮಾಡದಿದ್ದರೆ ಅರ್ಧ ಶ್ರಮ ವ್ಯರ್ಥ. ಪಂಚಾಯಿತಿ, ಶಾಲೆ, ಹಾಲಿನ ಡೈರಿ, ಸಂಘ ಯಾವುದೇ ಇರಲಿ, ಸೂಚನೆಯನ್ನು ಟೈಪ್ ಮಾಡಿ ಕಳಿಸಿ. ಹಾಳೆಯ ಫೋಟೊ ತೆಗೆದು, ಅದರ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಗುಡ್ಡದ ಹಿಂದಿರುವವರಿಗೆ ಮಸುಕು ಚೌಕವೇ ಕಾಣುವುದು. ಟೈಪ್ ಮಾಡಿದ್ದು ಒಂದೆರಡು ಕೆಬಿ, ಎಂಥ ಸಿಗ್ನಲ್‌ನಲ್ಲೂ ಬರುತ್ತದೆ, ಅಕ್ಷರ ದೊಡ್ಡದು ಮಾಡಿ ಓದಬಹುದು, ಓದಲು ಬಾರದವರಿಗೆ ಫೋನೇ ಓದಿ ಹೇಳುತ್ತದೆ.

ಕನ್ನಡದಲ್ಲಿ ಸೈಟ್ ಮಾಡುವವರು ಚಿತ್ರಗಳನ್ನು 100 ಕೆಬಿ ಒಳಗೆ ತನ್ನಿ, ವೆಬ್‌ಪಿ ರೂಪದಲ್ಲಿ ಹಾಕಿ. ಮೂರು ನಾಲ್ಕು ಥರದ ಕನ್ನಡ ಫಾಂಟು ಬೇಡ, ಫೋನಿನಲ್ಲಿರುವುದನ್ನೇ ಬಳಸಿ. ಅರ್ಜಿಯ ಪುಟ ಮಾಡುವವರು ಸೆಷನ್ ಹೊತ್ತು ಹೆಚ್ಚು ಮಾಡಿ, ತುಂಬಿದ್ದು ಉಳಿಯುವ ಹಾಗೆ ಮಾಡಿ. ಮಾಡಿ ಮುಗಿಸಿದ ಮೇಲೆ ಕಂಪ್ಯೂಟರಿನ ಕ್ರೋಮ್‌ನಲ್ಲಿ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ಅನ್ನುವ ಕಡೆ ವೇಗವನ್ನು 64 ಕೆಬಿಪಿಎಸ್‌ಗೆ ಇಳಿಸಿ, ನಿಮ್ಮದೇ ಅರ್ಜಿಯನ್ನು ಮೊದಲಿಂದ ಕೊನೆವರೆಗೆ ಒಮ್ಮೆ ನೀವೇ ತುಂಬಿ ನೋಡಿ.